ಮಾಫಿಯಾ ಚರಿತ್ರೆ ಓದುವಾಗ ಮೊದಲು ಊರು ಕೇಳಿ

ಅಮೆರಿಕದ ಮಾಫಿಯಾ ಬಗ್ಗೆ ಮಾತು ಬಂದಾಗಲೆಲ್ಲ ಎರಡು ಸಿದ್ಧಕಥೆ ಕೇಳಿಬರುತ್ತವೆ. ಸಿಸಿಲಿಯ ರಹಸ್ಯ ಸಂಘವೊಂದು ಇಡಿಯಾಗಿ ಹಡಗು ಹತ್ತಿ ನ್ಯೂಯಾರ್ಕಿನಲ್ಲಿ ಇಳಿಯಿತು ಅನ್ನೋದು ಒಂದು. ಬಡ ವಲಸಿಗರನ್ನು ಕಾಯಲು ಹುಟ್ಟಿದ ಗುಂಪು ಆಮೇಲೆ ಕೆಟ್ಟಿತು ಅನ್ನೋದು ಇನ್ನೊಂದು. ನನಗೆ ಎರಡೂ ಒಪ್ಪಿಗೆಯಿಲ್ಲ. 1890ರಿಂದ 1931ರವರೆಗಿನ ಕೊಲೆಗಳನ್ನು ಒಂದೊಂದಾಗಿ ಎತ್ತಿಕೊಂಡು ನೋಡಿ. ಸತ್ತವನದು ಯಾವ ಊರು, ಆ ಹೊತ್ತಿಗೆ ಯಾವ ಕುರ್ಚಿಗೆ ಪೈಪೋಟಿ ನಡೆದಿತ್ತು, ಈ ಎರಡು ಗೊತ್ತಾದರೆ ಮುಕ್ಕಾಲು ಪಾಲು ಕಥೆ ಬಿಚ್ಚಿಕೊಳ್ಳುತ್ತದೆ.

ಊರು ಅಂದರೆ ನಿಜಕ್ಕೂ ಊರೇ, ಸಿಸಿಲಿ ದ್ವೀಪವಲ್ಲ. ಷಿಕಾಗೋದ ಉತ್ತರ ಭಾಗದ ಲಿಟಲ್ ಸಿಸಿಲಿಯಲ್ಲಿ ಲ್ಯಾರಬೀ ಸ್ಟ್ರೀಟ್ ತುಂಬ ಆಲ್ತಾವಿಲ್ಲಾದವರು, ಟೌನ್‌ಸೆಂಡ್ ಸ್ಟ್ರೀಟಿನಲ್ಲಿ ಬಾಗೇರಿಯಾದವರು, ಮಿಲ್ಟನ್‌ನಲ್ಲಿ ಸಂಬೂಕಾದವರು, ಕೇಂಬ್ರಿಡ್ಜ್‌ನಲ್ಲಿ ಅಲಿಮೇನಾ ಮತ್ತು ಕಿಯೂಸಾ ಸ್ಕ್ಲಾಫಾನಿಯವರು. ಬ್ರೂಕ್ಲಿನ್ನಿನ ವಿಲಿಯಮ್ಸ್‌ಬರ್ಗಿಗೆ ಬಂದು ಇಳಿದವರು ಕಾಸ್ತೆಲ್ಲಮ್ಮಾರೆ ದೆಲ್ ಗೋಲ್ಫೋದವರು. ಬಾಡಿಗೆ ಕೋಣೆ, ಕೂಲಿ, ಕೈಸಾಲ, ಕೋರ್ಟಿನಲ್ಲಿ ಜಾಮೀನು, ಮಗುವಿನ ದೀಕ್ಷಾಸ್ನಾನಕ್ಕೆ ಗಾಡ್‌ಫಾದರ್, ಎಲ್ಲದಕ್ಕೂ ಊರವನೇ ಬೇಕು.

ಮರ್ಯಾದಸ್ಥರಿಗೆ ಒದಗಿಬಂದ ಇದೇ ಏರ್ಪಾಟು ಖೋಟಾನೋಟಿನವರಿಗೂ ಒದಗಿಬಂತು. ಹೊಸಬ ಬಂದರೆ ಯಾರ ಮಗ, ತಾಯಿಯ ತವರು ಯಾವುದು ಎಂದು ಕೇಳಿ ಊರಿಗೊಂದು ಕಾಗದ ಹಾಕಿದರೆ ಜಾತಕವೆಲ್ಲ ಬರುತ್ತಿತ್ತು. ಪೊಲೀಸರ ಕಡೆಯವನು ಒಳಗೆ ನುಸುಳುವುದು ಕಷ್ಟವಾಗಿದ್ದು ರಕ್ತಪ್ರಮಾಣಕ್ಕಿಂತ ಹೆಚ್ಚಾಗಿ ಈ ಕಾಗದದಿಂದ. ಸಿಸಿಲಿಯ ಕೊರ್ಲಿಯೋನೆ ಊರಿನ ಜುಸೆಪ್ಪೆ ಮೊರೆಲ್ಲೋನ ಖೋಟಾನೋಟಿನ ಗುಂಪು ಸಿಕ್ಕಿಬಿದ್ದ ರೀತಿ ನೋಡಿ. ನ್ಯೂಯಾರ್ಕಿನ ಹೈಲ್ಯಾಂಡ್ ಬಳಿಯ ತೋಟದ ಮನೆಯಲ್ಲಿ 2 ಮತ್ತು 5 ಡಾಲರಿನ ನೋಟು ಅಚ್ಚು ಹಾಕಲು ಅವರಿಗೆ ಕೆಲಸ ಗೊತ್ತಿದ್ದ ಮುದ್ರಕ ಬೇಕಿತ್ತು. ಊರವರಲ್ಲಿ ಯಾರೂ ಇರಲಿಲ್ಲವೇನೋ, ಸಿಸಿಲಿಯಾಚೆಯ ಕಲಾಬ್ರಿಯಾದ ಅಂತೋನಿಯೋ ಕೊಮಿತೋನನ್ನು ಸೇರಿಸಿಕೊಂಡರು. ಕೋರ್ಟಿನಲ್ಲಿ ಬಾಯಿಬಿಟ್ಟವನು ಅವನೇ. 1910ರಲ್ಲಿ ಮೊರೆಲ್ಲೋಗೆ 25 ವರ್ಷ, ಅವನ ಭಾವ ಇಗ್ನಾತ್ಸಿಯೋ ಲೂಪೋಗೆ 30 ವರ್ಷ ಶಿಕ್ಷೆಯಾಯಿತು.

ಈಗ ರಾಜಕೀಯಕ್ಕೆ ಬರೋಣ. ಇದಕ್ಕೆ ಷಿಕಾಗೋದ 19ನೇ ವಾರ್ಡಿಗಿಂತ ಒಳ್ಳೆಯ ಪಾಠ ಇಲ್ಲ.

ಅಲ್ಲಿ ಐರಿಷ್ ಮೂಲದ ಜಾನ್ ಪವರ್ಸ್ 1888ರಿಂದ ಆಲ್ಡರ್‌ಮನ್, ಅಂದರೆ ವಾರ್ಡಿನ ನಗರಸಭಾ ಸದಸ್ಯ. ನಗರಸಭೆಯಲ್ಲಿ ಕೆಲಸ ಕೊಡಿಸುವುದು, ಸತ್ತವರ ಮನೆಗೆ ತಪ್ಪದೆ ಹೋಗುವುದು ಅವನ ಬಂಡವಾಳ. ವಾರ್ಡು ಐರಿಷರಿಂದ ಇಟಾಲಿಯನ್ನರ ಕೈಗೆ ಜಾರಿದರೂ ಅವನು ಅಲ್ಲಾಡಲಿಲ್ಲ, ಇಟಾಲಿಯನ್ನರೇ ಅವನನ್ನು ಜಾನಿ ಡಿ ಪೌ ಎಂದು ಕರೆದುಕೊಂಡರು. ಆಗ ವಾರ್ಡಿಗೆ ಇಬ್ಬರು ಆಲ್ಡರ್‌ಮನ್, ಎರಡು ವರ್ಷದ ಅವಧಿ, ಪ್ರತಿ ವರ್ಷ ಒಂದು ಸೀಟು ಖಾಲಿ. ಅಂದರೆ ಗಾಯ ಮಾಯುವ ಮೊದಲೇ ಮುಂದಿನ ಚುನಾವಣೆ.

ಎದುರು ನಿಂತವನು ಸಿಸಿಲಿಯ ವಾಲ್ಲೆದೋಲ್ಮೋದ ಆಂಥನಿ ಡಿ'ಆಂಡ್ರಿಯಾ. ಒಂದು ಕಾಲದ ಪಾದ್ರಿ, ಹಲವು ಭಾಷೆ ಬಲ್ಲವನು, ಖೋಟಾ ಹಣದ ಕೇಸಿನಲ್ಲಿ ಜೈಲು ಕಂಡವನು, ಆಮೇಲೆ ಕಾರ್ಮಿಕ ಸಂಘದ ನಾಯಕ. ಅವನ ಲೆಕ್ಕದ ತೊಡಕು ಇಷ್ಟು: ವಾಲ್ಲೆದೋಲ್ಮೋದವರ ಮತ ಗೆಲ್ಲಲು ಸಾಲದು, ಟೇಲರ್ ಸ್ಟ್ರೀಟಿನ ಸುತ್ತ ಸಿಸಿಲಿಯಾಚೆಯ ನೇಪಲ್ಸ್, ಬಸಿಲಿಕಾತಾ ಕಡೆಯವರೂ ದಂಡಿಯಾಗಿದ್ದರು. ಊರು ಮೀರಿದ ಸಂಘಟನೆಯೊಂದು ಬೇಕಿತ್ತು, ಅದು ಉನಿಯೋನೆ ಸಿಸಿಲಿಯಾನಾ. 1895ರಲ್ಲಿ ನೋಂದಣಿಯಾದ ಈ ಸಂಘ ಕಾಗದದ ಮೇಲೆ ಸಾವಿನ ವಿಮೆಯದ್ದು. ಸದಸ್ಯರು ಚಂದಾ ಕಟ್ಟಬೇಕು, ಸತ್ತರೆ ಮನೆಯವರಿಗೆ ಹಣ. ರಾಜಕಾರಣಿಯ ಕಣ್ಣಲ್ಲಿ ಅದು ವಿಳಾಸಸಮೇತ ಮತದಾರರ ಪಟ್ಟಿ, ಜೊತೆಗೆ ಒಂದು ಗಂಟು. 1919ರ ಹೊತ್ತಿಗೆ ಡಿ'ಆಂಡ್ರಿಯಾ ಅದರ ಅಧ್ಯಕ್ಷ.

1916ರ ಫೆಬ್ರವರಿಯಲ್ಲಿ ಪವರ್ಸ್ ಕಡೆಯ ಫ್ರಾಂಕ್ ಲೊಂಬಾರ್ಡಿ ಸಲೂನಿನಲ್ಲಿ ಹತನಾದ. 1920ರ ಸೆಪ್ಟೆಂಬರಿನಲ್ಲಿ ಪವರ್ಸ್ ಮನೆಯ ಜಗಲಿಗೆ ಬಾಂಬು ಬಿತ್ತು. ಮರುವರ್ಷ ಫೆಬ್ರವರಿಯಲ್ಲಿ ಡಿ'ಆಂಡ್ರಿಯಾ ಬೆಂಬಲಿಗರ ಸಭೆಗೆ ಬಾಂಬು. ಪವರ್ಸ್ ಕೆಲವೇ ನೂರು ಮತದಿಂದ ಗೆದ್ದ. ಲೆಕ್ಕ ಚುಕ್ತಾ ಆಗಿದ್ದು ಮಾರ್ಚ್ 8ರಂದು. ಪವರ್ಸ್ ಕಡೆಯವನಾದ, ಮುನಿಸಿಪಲ್ ಕೋರ್ಟಿನ ಬೇಲಿಫ್ (ಅಮೀನ) ಪಾಲ್ ಲಾಬ್ರಿಯೋಲಾ ಬೆಳಿಗ್ಗೆ ಕೆಲಸಕ್ಕೆ ನಡೆದು ಹೋಗುವಾಗ ಗುಂಡು ಹಾರಿತು. ಅದೇ ದಿನ ಪವರ್ಸ್ ಕಡೆಯವನೇ ಆದ ಹ್ಯಾರಿ ರೈಮಾಂಡಿ ತನ್ನ ಸಿಗಾರ್ ಅಂಗಡಿಯಲ್ಲಿ ಬಿದ್ದ. ಲಾಬ್ರಿಯೋಲಾ ಕೇಸಿನಲ್ಲಿ ಡಿ'ಆಂಡ್ರಿಯಾ ಕಡೆಯ ಆಂಜೆಲೋ ಜೆನ್ನಾ ವಿಚಾರಣೆಗೆ ನಿಂತು ಖುಲಾಸೆಯಾಗಿ ಹೊರಬಂದ. ಮೇ 11ರ ನಡುರಾತ್ರಿ ಕಳೆದ ಮೇಲೆ ಡಿ'ಆಂಡ್ರಿಯಾ ಇಸ್ಪೀಟಾಟ ಮುಗಿಸಿ ಮನೆಬಾಗಿಲಿಗೆ ಬಂದಿದ್ದ. ಕೆಳಮಹಡಿಯ ಖಾಲಿ ಮನೆಯ ಕಿಟಕಿಯಿಂದ ನಳಿಗೆ ಕತ್ತರಿಸಿದ ಬಂದೂಕು ಸಿಡಿಯಿತು.

ಇದನ್ನು ಐರಿಷ್–ಇಟಾಲಿಯನ್ ಜಗಳ ಅಂತ ಬರೆಯುವವರು ಹೆಣಗಳ ಹೆಸರು ಓದಿಲ್ಲ. ಪವರ್ಸ್ ಬದುಕುಳಿದ. ಸತ್ತವರು ಅವನಿಗಾಗಿ ಕೆಲಸ ಮಾಡಿದ ಇಟಾಲಿಯನ್ನರು, ಆಮೇಲೆ ಡಿ'ಆಂಡ್ರಿಯಾ ಮತ್ತು ಅವನ ಹತ್ತಿರದವರು. ಕಾರಣ ಸರಳ ಅಂತ ನನ್ನ ಅಂದಾಜು. ಆಲ್ಡರ್‌ಮನ್‌ನನ್ನೇ ಕೊಂದರೆ ಇಡೀ ನಗರ ಮೈಮೇಲೆ ಬೀಳುತ್ತದೆ. ಸೀಟು ತಪ್ಪಿಸುತ್ತಿದ್ದದ್ದೂ ಪವರ್ಸ್ ಅಲ್ಲ, ಊರವರ ಮತವನ್ನು ಅವನ ಕಡೆ ತಿರುಗಿಸುತ್ತಿದ್ದ ಲಾಬ್ರಿಯೋಲಾನಂಥವರು. ಲೂಮಿಸ್ ಸ್ಟ್ರೀಟಿನ ಪಾಪ್ಲರ್ ಮರಕ್ಕೆ ಸಾಯಲಿರುವವರ ಹೆಸರು ಅಂಟಿಸುತ್ತಿದ್ದರಂತೆ, ಅದಕ್ಕೆ ಸತ್ತವರ ಮರ ಅಂತಲೇ ಹೆಸರು ಬಿತ್ತು. ಪತ್ರಿಕೆಗಳು ಇದಕ್ಕೆ ಬೇಕಾದಷ್ಟು ಉಪ್ಪುಖಾರ ಹಚ್ಚಿವೆ, ಅದು ಬೇರೆ ಮಾತು.

ಡಿ'ಆಂಡ್ರಿಯಾ ಹೋದ ಮೇಲೂ ಉನಿಯೋನೆ ಕುರ್ಚಿಯ ರುಚಿ ಹೋಗಲಿಲ್ಲ. ಮದ್ಯನಿಷೇಧ ಬಂದು ಜೆನ್ನಾ ಸೋದರರು ಮನೆಮನೆಯಲ್ಲಿ ಭಟ್ಟಿ ಇಳಿಸತೊಡಗಿದ ಮೇಲೆ ಅದು ಇನ್ನೂ ಏರಿತು. ಡಿ'ಆಂಡ್ರಿಯಾ ನಂತರದ ಅಧ್ಯಕ್ಷ ಮೈಕ್ ಮೆರ್ಲೋ 1924ರಲ್ಲಿ ಕಾಯಿಲೆಯಿಂದ ಸತ್ತ. ಆಮೇಲೆ ಅಲ್ಲಿ ಕೂತ ಆಂಜೆಲೋ ಜೆನ್ನಾ, ಸಮೂಟ್ಸ್ ಅಮಾತೂನಾ, ಟೋನಿ ಲೊಂಬಾರ್ಡೋ, ಪಸ್ಕ್ವಲೀನೋ ಲೊಲೋರ್ಡೋ, ಜೋ ಐಯೆಲ್ಲೋ, 1925ರಿಂದ 1930ರೊಳಗೆ ಎಲ್ಲರೂ ಗುಂಡಿಗೆ ಬಲಿ. ಷಿಕಾಗೋದ ಗ್ಯಾಂಗ್ ನಾಯಕ ಅಲ್ ಕಪೋನ್‌ಗೆ ಸಿಸಿಲಿಯವರ ಆ ಕುರ್ಚಿ ಸಲ್ಲುತ್ತಿರಲಿಲ್ಲ. ಅವನು ಬ್ರೂಕ್ಲಿನ್ನಿನಲ್ಲಿ ಹುಟ್ಟಿದವನು, ಅಪ್ಪ ಅಮ್ಮ ನೇಪಲ್ಸ್ ಕಡೆಯವರು. ಹಾಗಾಗಿ ಲೊಂಬಾರ್ಡೋನನ್ನು ಮುಂದಿಟ್ಟು ಆಡಬೇಕಾಯಿತು.

ಬಡವರ ರಕ್ಷಕರು ಅನ್ನುವ ಕಥೆಗೆ ಉತ್ತರ ಮೊರೆಲ್ಲೋನ ಊರಲ್ಲೇ ಇದೆ. ಕೊರ್ಲಿಯೋನೆಯ ರೈತಸಂಘದ ನಾಯಕ ಬೆರ್ನಾರ್ದೀನೋ ವೆರ್ರೋ 1893ರಲ್ಲಿ ಗೇಣಿ ಒಪ್ಪಂದಕ್ಕಾಗಿ ಮುಷ್ಕರ ಕಟ್ಟಿದ. ಅದೇ ವರ್ಷ ಜೀವ ಉಳಿಸಿಕೊಳ್ಳಲು ಸ್ಥಳೀಯ ಮಾಫಿಯಾದೊಳಗೆ ದೀಕ್ಷೆಯನ್ನೂ ತೆಗೆದುಕೊಂಡ, ಆಮೇಲೆ ದೂರವಾದ. 1914ರಲ್ಲಿ ಮೇಯರ್ ಆದ. 1915ರ ನವೆಂಬರ್ 3ರಂದು ಬೀದಿಯಲ್ಲೇ ಗುಂಡಿಟ್ಟರು. ಸಾಂತೋ ಸ್ತೆಫಾನೋ ಕ್ವಿಸ್ಕ್ವೀನಾದ ಸಮಾಜವಾದಿ ಲೊರೆಂತ್ಸೋ ಪನೆಪಿಂತೋನನ್ನು 1911ರ ಮೇ 16ರಂದು ಕೊಂದರು. ಆ ಊರಿನವರು ಫ್ಲೋರಿಡಾದ ಟ್ಯಾಂಪಾದಲ್ಲಿ ಸಿಗಾರ್ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದರು, ಪನೆಪಿಂತೋ ಅಲ್ಲಿಗೂ ಹೋಗಿ ಬಂದಿದ್ದ. ಒಂದೇ ಊರಿನ ನಂಟು ಹಂತಕನನ್ನೂ ಸಂಘಟಕನನ್ನೂ ಸಾಗರ ದಾಟಿಸಿತು. ನಾವು ಓದೋದು ಹಂತಕನ ಕಥೆ ಮಾತ್ರ.

ಊರವರು ಅಂದಮಾತ್ರಕ್ಕೆ ಒಗ್ಗಟ್ಟು ಅಂತಲೂ ಅಲ್ಲ. ಕ್ಲೀವ್‌ಲ್ಯಾಂಡಿನಲ್ಲಿ ಕಳ್ಳಭಟ್ಟಿಗೆ ಬೇಕಾದ ಕಾರ್ನ್ ಶುಗರ್ (ಜೋಳದ ಸಕ್ಕರೆ) ವ್ಯಾಪಾರಕ್ಕೆ ಕಡಿದಾಡಿದ ಲೊನಾರ್ಡೋ, ಪೊರೆಲ್ಲೋ ಎರಡೂ ಮನೆತನ ಸಿಸಿಲಿಯ ಲಿಕಾತಾದವು. 1916ರಲ್ಲಿ ಕಾಸ್ತೆಲ್ಲಮ್ಮಾರೆಯಲ್ಲಿ ಪಿಯೆತ್ರೋ ಮಗದ್ದೀನೋ ಕೊಲೆಯಾದದ್ದಕ್ಕೆ ಐದು ವರ್ಷದ ಮೇಲೆ ನ್ಯೂಜೆರ್ಸಿಯಲ್ಲಿ ಕಮಿಲ್ಲೋ ಕೈಯೋತ್ಸೋ ತಲೆ ಕೊಟ್ಟ. ಕೊಂದ ಬಾರ್ತೊಲೋ ಫೊಂತಾನಾ ಅವನದೇ ಊರಿನವನು, ಮುಂದಿನ ಸರದಿ ತನ್ನದೇ ಎಂಬ ಭಯಕ್ಕೆ ಪೊಲೀಸರ ಮುಂದೆ ಎಲ್ಲ ಹೇಳಿದ.

ಸ್ವಂತ ಹುಡುಕುವವರಿಗೆ ಒಂದಿಷ್ಟು. ಹಡಗಿನ ಪ್ರಯಾಣಿಕರ ಪಟ್ಟಿಯಿಂದ ಶುರುಮಾಡಿ. 1907ರ ನಂತರದ ನಮೂನೆಯಲ್ಲಿ ಊರಲ್ಲಿ ಬಿಟ್ಟುಬಂದ ಹತ್ತಿರದ ಬಂಧು ಯಾರು, ಟಿಕೆಟ್ ದುಡ್ಡು ಕೊಟ್ಟವರು ಯಾರು, ಅಮೆರಿಕದಲ್ಲಿ ಯಾರ ಮನೆಗೆ, ಯಾವ ವಿಳಾಸಕ್ಕೆ ಎಂಬ ಅಂಕಣಗಳಿವೆ. ಕೊನೆಯ ಅಂಕಣದಲ್ಲಿ ಒಂದೇ ವಿಳಾಸ ಮತ್ತೆಮತ್ತೆ ಬಂದರೆ ಜಾಲ ಸಿಕ್ಕಿತು ಅಂತ. ಎಡವುವ ಜಾಗ ಎರಡು. ಕೊನೆಗೆ ವಾಸವಿದ್ದ ಊರು, ಹುಟ್ಟಿದ ಊರು ಬೇರೆ ಬೇರೆ ಇರಬಹುದು. ಮದುವೆಯಾದ ಹೆಂಗಸರು ತವರಿನ ಹೆಸರಲ್ಲೇ ಪ್ರಯಾಣಿಸಿರುತ್ತಾರೆ, ಗಂಡನ ಹೆಸರಲ್ಲಿ ಹುಡುಕಿದರೆ ಸಿಗೋದಿಲ್ಲ. ಅಲ್ಲಿಂದ ಸಿಸಿಲಿಯ ಊರಿನ ಜನನ ದಾಖಲೆಗೆ ಹೋಗಿ, 1820ರಿಂದ ಇವೆ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರಿಡುವ ಪದ್ಧತಿಯಿಂದ ಒಂದೇ ಊರಲ್ಲಿ ಒಂದೇ ಹೆಸರಿನ ನಾಲ್ಕಾರು ದಾಯಾದಿಗಳು ಸಿಗುತ್ತಾರೆ. ಹೆಸರು, ಹುಟ್ಟಿದ ವರ್ಷ ಎರಡೂ ಹೊಂದಿದರೂ ನಂಬಬೇಡಿ. ತಾಯಿಯ ಹೆಸರು, ಪುಟದ ಅಂಚಿನಲ್ಲಿ ಬರೆದ ಮದುವೆಯ ಟಿಪ್ಪಣಿ ಇದ್ದರೆ ಅದನ್ನೂ ತಾಳೆ ಹಾಕಿ. ಹೊಂದದಿದ್ದರೆ ನಿಮ್ಮ ಕೈಗೆ ಸಿಕ್ಕಿರುವುದು ಡಾನ್‌ನ ಚಿಕ್ಕಪ್ಪನ ಮಗ.