ವಿಮಾನ ಬೇಕಂತಲೇ ಸುತ್ತು ಹಾಕುತ್ತದೆಯೇ?

ಮಲೆನಾಡಿನ ಎಷ್ಟೋ ಮನೆಗಳ ಮಕ್ಕಳು ಅಮೆರಿಕದಲ್ಲಿದ್ದಾರೆ. ಅದಕ್ಕೇ ತೀರ್ಥಹಳ್ಳಿ, ಸಾಗರದ ಕಡೆಯ ಮನೆ ಗ್ರೂಪುಗಳಲ್ಲಿ ಒಂದು ಮೆಸೇಜ್ ಮತ್ತೆ ಮತ್ತೆ ಬರುತ್ತದೆ: ದೂರದ ವಿಮಾನಗಳು ನೇರ ದಾರಿ ಬಿಟ್ಟು ಉತ್ತರಕ್ಕೆ ಸುತ್ತಿ ಹೋಗುತ್ತವೆ, ದುಡ್ಡು ಜಾಸ್ತಿ ಕೀಳಲು. ಜೊತೆಗೆ ಬಿಲ್ಲಿನಂತೆ ಬಾಗಿದ ಗೆರೆಯಿರುವ ಮ್ಯಾಪ್. ನೋಡಿದರೆ ಯಾರಿಗಾದರೂ ನಿಜ ಅನ್ನಿಸುತ್ತದೆ.

ಆದರೆ ಅದು ತಪ್ಪು. ಭೂಮಿ ಗುಂಡಗಿದೆ, ಮ್ಯಾಪ್ ಚಪ್ಪಟೆ. ಗುಂಡಗಿರುವುದನ್ನು ಚಪ್ಪಟೆ ಮಾಡಿದಾಗ ಎಷ್ಟೋ ಮ್ಯಾಪುಗಳಲ್ಲಿ ಧ್ರುವದ ಕಡೆಯ ಜಾಗವೆಲ್ಲ ಹಿಗ್ಗುತ್ತದೆ. ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ ಅಲ್ವಾ? ನಿಜಕ್ಕೂ ಆಫ್ರಿಕಾ ಅದರ ಸುಮಾರು 14 ಪಟ್ಟು ದೊಡ್ಡದು.

ನೀವೇ ನೋಡಬಹುದು. ಶಾಲೆಯ ಗ್ಲೋಬ್ ತನ್ನಿ. ಹೂ ಕಟ್ಟುವ ಬಾಳೆನಾರಿನ ಒಂದು ತುದಿಯನ್ನು ಬೆಂಗಳೂರಿನ ಮೇಲೆ, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಒತ್ತಿ ಹಿಡಿದು ಬಿಗಿಯಾಗಿ ಎಳೆಯಿರಿ. ನಾರು ತಾನಾಗಿಯೇ ಮೇಲಕ್ಕೆ ಜಾರಿ ಚೀನಾ, ಸೈಬೀರಿಯಾ, ಅಲಾಸ್ಕಾ ದಾಟುತ್ತದೆ. ಅದೇ ಹತ್ತಿರದ ದಾರಿ, ಸುಮಾರು 14,000 ಕಿ.ಮೀ. ಮ್ಯಾಪಿನಲ್ಲಿ ಪೂರ್ವಕ್ಕೆ ನೆಟ್ಟಗೆ ಕಾಣುವ ಗೆರೆ ಹಿಡಿದರೆ ಸುಮಾರು 16,000 ಕಿ.ಮೀ. ಆಗುತ್ತದೆ! ಗ್ಲೋಬ್ ಇಲ್ಲವೇ? ಫೋನಿನಲ್ಲಿ ‘ಗ್ರೇಟ್ ಸರ್ಕಲ್’ (ಗುಂಡಗಿನ ಭೂಮಿಯ ಮೇಲಿನ ಹತ್ತಿರದ ದಾರಿ) ದೂರ ಅಂತ ಹುಡುಕಿ, ಎರಡು ಊರಿನ ಹೆಸರು ಹಾಕಿ.

ಸುಮ್ನೆ ಇಷ್ಟನ್ನು ನೋಡಿದರೂ ಸಾಕು. ಪ್ರಯಾಣದ ಹೊತ್ತು ಮಾತ್ರ ದೂರದ ಮೇಲಷ್ಟೇ ನಿಂತಿಲ್ಲ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ. ಅದನ್ನು ಬೆನ್ನಿಗಿಟ್ಟುಕೊಂಡ ವಿಮಾನ ಬೇಗ ತಲುಪುತ್ತದೆ, ಎದುರಿಸಿ ಬರುವುದು ತಡವಾಗುತ್ತದೆ.