ಹನ್ನೊಂದನೇ ನಂಬರಿನ ಬೊಟ್ಟು

ನಮ್ಮ ಓಣಿಯ ಹುಡುಗನೊಬ್ಬ ಕಲಾವಿದನಾಗಿಬಿಟ್ಟಿದ್ದಾನೆ. ಚಿಕ್ಕವನಿದ್ದಾಗ ನಮ್ಮ ಕಾಂಪೌಂಡಿನ ಗೋಡೆ ಮೇಲೆ ಇದ್ದಿಲಿನಲ್ಲಿ ಆನೆ ಬರೆದು ನನ್ನ ಕೈಲಿ ಕಿವಿ ಹಿಂಡಿಸಿಕೊಂಡವನು. ಆಮೇಲೆ ನಮ್ಮೂರಿನ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಓದಿದ, ಬರೋಡಾಕ್ಕೆ ಹೋದ, ಜನವರಿ ಬಂದರೆ ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ಬಿಸಿಲಿಗೆ ನಿಂತ. ಈಗ ದಾವಣಗೆರೆಯಲ್ಲೇ ಅವನದೊಂದು ಪ್ರದರ್ಶನ, ಅದೂ ದುಡ್ಡಿಗೆ ಮಾರುವ ಗ್ಯಾಲರಿಯಲ್ಲಿ.

ಆಮಂತ್ರಣ ಕೊಡಲು ಅವನ ತಾಯಿಯೇ ಬಂದಿದ್ದರು, ಅರಿಶಿನ ಕುಂಕುಮದ ಸಮೇತ. ಕಾರ್ಡಿನ ತುಂಬ ಬೂದಿ ಬಣ್ಣದ ಒಂದು ಮಸಿ. ನನ್ನಾಕೆ ಅದನ್ನು ಬೆಳಕಿಗೆ ಹಿಡಿದು, "ಪ್ರೆಸ್ಸಿನವರು ಕೆಡಿಸಿದಾರೆ, ಪಾಪ. ವಾಪಸ್ ಕೊಟ್ರೆ ಬೇರೆ ಮಾಡಿಕೊಡ್ತಾರೆ" ಎಂದಳು. "ಅದು ಇರೋದೇ ಹಂಗಂತೆ ಅಕ್ಕಾರೆ" ಎಂದು ಆಕೆ ತಲೆ ತಗ್ಗಿಸಿದರು. ಕೆಳಗೆ ಸಣ್ಣ ಅಕ್ಷರದಲ್ಲಿ: ಸಂಜೆ 6ಕ್ಕೆ ಉದ್ಘಾಟನೆ, ನಂತರ ಕಲಾವಿದರೊಂದಿಗೆ ಮಾತುಕತೆ.

ಗ್ಯಾಲರಿ ಇರುವುದು ಒಂದು ಸ್ಯಾನಿಟರಿ ಸಾಮಾನಿನ ಶೋರೂಮಿನ ಮಹಡಿ ಮೇಲೆ. ಶೋರೂಮು ಅಪ್ಪನದು, ಗ್ಯಾಲರಿ ಬೆಂಗಳೂರಿನಲ್ಲಿ ಓದಿ ಬಂದ ಮಗಳದು. ಮೇಲೆ ಹೋಗಬೇಕಾದರೆ ಕಮೋಡು, ವಾಶ್‌ಬೇಸಿನ್ನು, ಗಂಡಸರ ಮೂತ್ರದ ಬೇಸಿನ್ನುಗಳ ನಡುವೆಯೇ ದಾರಿ. ಎಲ್ಲದರ ಕೊರಳಲ್ಲೂ ಬೆಲೆಯ ಚೀಟಿ. ನನ್ನಾಕೆ ದಾರಿಯುದ್ದಕ್ಕೂ ಬೆಲೆ ಓದುತ್ತ ಬಂದಳು. ಮೆಟ್ಟಿಲ ಬುಡಕ್ಕೆ ಬರುವಷ್ಟರಲ್ಲಿ ನಮ್ಮ ಬಚ್ಚಲುಮನೆ ರಿಪೇರಿಯ ಇಪ್ಪತ್ತು ವರ್ಷದ ಹಳೇ ಜಗಳ ಅರ್ಧ ಮುಗಿದಿತ್ತು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋದೆವು. ಬಿಟ್ಟವರು ನಾವಿಬ್ಬರೇ ಎಂದು ಗೊತ್ತಾದದ್ದು ಒಳಗೆ ಹೋದ ಮೇಲೆ.

ಏಪ್ರಿಲ್ ತಿಂಗಳು. ನಮ್ಮೂರಿನ ಏಪ್ರಿಲ್ ಎಂದರೆ ಸಂಜೆ ಆರಕ್ಕೂ ಗೋಡೆಯಿಂದ ಬಿಸಿ ಉಗುಳುವ ಕಾಲ. ಎ.ಸಿ. ಇತ್ತು, ಅದರ ಗಾಳಿಯೆಲ್ಲ ಚಿತ್ರಗಳಿಗೆ, ನೋಡುವವರಿಗೆ ಅಲ್ಲ ಎಂಬಂತಿತ್ತು. ಬೆಳ್ಳನೆ ಗೋಡೆ, ಬೆಳ್ಳನೆ ದೀಪ, ಅಲ್ಲಲ್ಲಿ ಒಂದೊಂದು ಗೋಣಿತಾಟು. ಹೌದು, ಗೋಣಿತಾಟೇ. ಹರಿದದ್ದು, ತೇಪೆ ಹಾಕಿದ್ದು, ತುಕ್ಕಿನ ಕಲೆ ಬಿದ್ದದ್ದು, ನಡುವೆ ಹತ್ತಿ ಮೆತ್ತಿದ್ದು. ಅವನಪ್ಪ ಇಲ್ಲಿಯ ಹತ್ತಿ ಗಿರಣಿಯಲ್ಲಿ ಸ್ಪಿನ್ನಿಂಗ್ ಖಾತೆಯಲ್ಲಿದ್ದವರು. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ತಂದ ಗಿರಣಿಗಳು ಒಂದೊಂದೇ ಬಾಗಿಲು ಹಾಕಿದವಲ್ಲ, ಹುಡುಗನ ಹೊಟ್ಟೆಯೊಳಗೆ ಅದು ಕೂತಿದೆ. ಇಷ್ಟನ್ನು ನಾನು ಹುಡುಗನ ಅಪ್ಪನ ಮುಖ ನೆನೆಸಿಕೊಂಡು ಅರ್ಥ ಮಾಡಿಕೊಂಡೆ. ಗೋಡೆಯ ಮೇಲೆ ಒಂದು ಪುಟದಷ್ಟು ಬರೆದು ಅಂಟಿಸಿದ್ದರಲ್ಲ, ಅದನ್ನು ಓದಿದ್ದರೆ ಅರ್ಥವಾಗುತ್ತಿರಲಿಲ್ಲ.

ಪ್ರತಿ ಚಿತ್ರದ ಪಕ್ಕ ಒಂದು ಬಿಳಿ ಚೀಟಿ. ಹನ್ನೊಂದನೆಯದರ ಮುಂದೆ ನಿಂತು ನನ್ನಾಕೆ ಜೋರಾಗಿ ಓದಿದಳು: "11. ಶೀರ್ಷಿಕೆ ಇಲ್ಲ. ಮಿಶ್ರ ಮಾಧ್ಯಮ. 72 × 48." ಆಮೇಲೆ ನನ್ನ ಕಡೆ ತಿರುಗಿ, "ಇಂಗ್ಲಿಷ್ ಮೀಡಿಯಂ ಗೊತ್ತು, ಕನ್ನಡ ಮೀಡಿಯಂ ಗೊತ್ತು, ಇದ್ಯಾವುದ್ರೀ ಮಿಶ್ರ ಮಾಧ್ಯಮ? ನಮ್ಮ ಮೊಮ್ಮಕ್ಕಳದ್ದಾ?" 72 × 48 ಅಂದರೆ ಸೈಟಿನ ಅಳತೆ ಎಂದುಕೊಂಡಿದ್ದಳು, ಇಂಚು ಎಂದ ಮೇಲೆ ನಿರಾಸೆಯಾಯಿತು. ಬೆಲೆ ಮಾತ್ರ ಎಲ್ಲೂ ಇರಲಿಲ್ಲ. ಕೆಳಗೆ ನಲ್ಲಿಗೂ ಬೆಲೆ ಕಟ್ಟಿದ್ದವರು ಮೇಲೆ ಮುಚ್ಚಿಟ್ಟಿದ್ದರು. ಗ್ಯಾಲರಿಯಲ್ಲಿ ಹಾಗೆಯೇ ಅಂತೆ, ಕೇಳಿದವರ ಕೈಗೆ ಮಾತ್ರ ಒಂದು ಹಾಳೆ ಕೊಡುತ್ತಾರೆ. ಕೇಳಿದೆ, ಕೊಟ್ಟರು. ಹನ್ನೊಂದಕ್ಕೆ 1,40,000 ರೂಪಾಯಿ. ಹಾಳೆಯನ್ನು ಬಹಳ ಜೋಪಾನವಾಗಿ ಮಡಿಸಿ ವಾಪಸ್ ಕೊಟ್ಟೆ.

ಹುಡುಗನ ತಾಯಿ ಹನ್ನೊಂದರ ಹತ್ತಿರವೇ ನಿಂತಿದ್ದರು. ನನ್ನಾಕೆಯ ಕಿವಿಯಲ್ಲಿ, "ಅಕ್ಕಾರೆ, ಈ ಹೊಲಿಗೆ ನಂದು. ದಬ್ಬಣ ಕೊಟ್ಟು, ಅಮ್ಮಾ, ಸೊಟ್ಟ ಸೊಟ್ಟ ಹೊಲಿ ಅಂದ. ಸೊಟ್ಟ ಹೊಲಿಯೋಕೆ ಬರ್ಲಿಲ್ಲ ನೋಡ್ರಿ, ಎರಡು ಸಲ ಬಿಚ್ಚಿಸಿದ" ಎಂದರು. ನನ್ನಾಕೆ ಮೂಗು ತಾಗುವಷ್ಟು ಹತ್ತಿರ ಹೋಗಿ ಹೊಲಿಗೆ ನೋಡಿದಳು. ಬೆವರಿಗೆ ಅವಳ ಹಣೆಯ ಸ್ಟಿಕ್ಕರ್ ಹುಬ್ಬಿಗೆ ಇಳಿದಿತ್ತು.

ಇಲ್ಲಿ ನಮ್ಮ ಮನೆಯ ಒಂದು ಸಂಗತಿ ಹೇಳಬೇಕು. ನಮ್ಮ ಕನ್ನಡಿಯಲ್ಲಿ ಮುಖ ನೋಡಿಕೊಂಡರೆ ನನಗೂ ಐದಾರು ಕಡೆ ಬೊಟ್ಟು ಕಾಣುತ್ತದೆ. ಬೀರುವಿನ ಬಾಗಿಲು, ಫ್ರಿಜ್ಜು, ಬಚ್ಚಲ ಟೈಲ್ಸು, ಸ್ವಿಚ್‌ಬೋರ್ಡು, ಎಲ್ಲ ಮುತ್ತೈದೆಯರೇ. ತೆಗೆದ ಸ್ಟಿಕ್ಕರನ್ನು ಆಕೆ ಎಂದೂ ಕಸಕ್ಕೆ ಹಾಕಿದವಳಲ್ಲ; ಅಂಟು ಇರುವವರೆಗೆ ಅದಕ್ಕೆ ಆಯುಸ್ಸಿದೆ. ಒಮ್ಮೆ ನನ್ನ ಕನ್ನಡಕದ ಡಬ್ಬಿಯ ಮೇಲಿದ್ದದ್ದು ಹೇಗೋ ನನ್ನ ತೋಳಿಗೆ ಅಂಟಿ ಅಂಚೆ ಕಚೇರಿಯ ಕೌಂಟರಿನವರೆಗೂ ಬಂದಿತ್ತು.

ಆವತ್ತೂ ಕೈ ತನ್ನ ಕೆಲಸ ತಾನು ಮಾಡಿತು. ಸ್ಟಿಕ್ಕರ್ ಕಿತ್ತು, ಎದುರಿಗಿದ್ದ ನುಣ್ಣನೆಯ ಬಿಳಿ ಚೀಟಿಗೆ ಅಂಟಿಸಿ, ಸೆರಗಿನಿಂದ ಹಣೆ ಒರೆಸಿಕೊಂಡಳು. ಅಷ್ಟರಲ್ಲಿ ಒಬ್ಬ ಹುಡುಗ ಬಂದು ಇಬ್ಬರ ಎರಡೂ ಕೈಗೆ ಮಂಡಕ್ಕಿ, ಮಿರ್ಚಿ ಕೊಟ್ಟ. ಬೆಂಗಳೂರಿನಲ್ಲಾದರೆ ಇಂಥ ಕಡೆ ವೈನ್ ಕೊಡುತ್ತಾರಂತೆ. ನಮ್ಮೂರಿನವರ ಕೈಗೆ ಮಂಡಕ್ಕಿ ಬಂತೆಂದರೆ ಹಣೆ ಯಾರಿಗೆ ನೆನಪಿರುತ್ತದೆ? ನಾನು ಎಲ್ಲವನ್ನೂ ಕಣ್ಣಾರೆ ನೋಡಿದೆ. ಏನೂ ಅನ್ನಿಸಲಿಲ್ಲ. ಗೋಡೆ ಕಂಡರೆ ಅವಳು ಬೊಟ್ಟಿಡುವುದನ್ನು ಮದುವೆಯಾದಾಗಿನಿಂದ ನೋಡುತ್ತಿದ್ದೇನೆ.

ಮಾತುಕತೆ ಶುರುವಾಯಿತು. ಮುಂದಿನ ಸಾಲಿನಲ್ಲಿ ಶೋರೂಮಿನ ಅಪ್ಪ, ಅವರ ಪಕ್ಕ ಅವರ ಗೆಳೆಯರಾದ ಅಡಿಕೆ ಮಂಡಿ ಸಾಹುಕಾರರು, ಹಿಂದೆ ನಾವು, ನಮ್ಮ ಹಿಂದೆ ಕಲಾ ಕಾಲೇಜಿನ ಗಡ್ಡದ ಹುಡುಗರು. ನಮ್ಮ ಓಣಿಯ ಹುಡುಗ ಮೈಕು ಹಿಡಿದವನೇ ನಮ್ಮ ಓಣಿಯವನಾಗಿ ಉಳಿಯಲಿಲ್ಲ. "ಅನುಪಸ್ಥಿತಿಯ ಅವಕಾಶದಲ್ಲಿ ಶ್ರಮದ ನೆನಪು ತನ್ನನ್ನು ತಾನೇ ನೇಯ್ದುಕೊಳ್ಳುತ್ತದೆ" ಎಂದ. ಹತ್ತು ನಿಮಿಷವಾದ ಮೇಲೆ ತಾಯಿ ನನ್ನ ಕಡೆ ಬಾಗಿ, "ಇವ ಏನಂತಿದಾನ್ರಿ?" ಎಂದರು.

"ಮಿಲ್ಲು ಮುಚ್ಚಿದ್ದಕ್ಕೆ ಬೇಜಾರಾಗೇತಿ ಅಂತಿದಾನೆ."

"ಅಷ್ಟೇನಾ? ಅದಕ್ಕೆ ಇಷ್ಟೊತ್ತಾ?"

ಆಮೇಲೆ ಅವನು ಆಲ್ಬರ್ಟೋ ಬುರ್ರಿಯ ಕತೆ ಹೇಳಿದ. ಇಟಲಿಯ ಡಾಕ್ಟರು, ಎರಡನೇ ಮಹಾಯುದ್ಧದಲ್ಲಿ ಸಿಕ್ಕಿಬಿದ್ದು ಅಮೆರಿಕದ ಟೆಕ್ಸಾಸಿನ ಸೆರೆ ಶಿಬಿರದಲ್ಲಿದ್ದವನು. ಅಲ್ಲಿ ಗೋಣಿತಾಟಿನ ಮೇಲೆ ಚಿತ್ರ ಬರೆಯಲು ಶುರು ಮಾಡಿ, ಬಿಡುಗಡೆಯಾದ ಮೇಲೆ ವೈದ್ಯಕೀಯ ಬಿಟ್ಟು, 1950ರ ದಶಕದಲ್ಲಿ ಹರಿದ ಚೀಲಗಳನ್ನೇ ಹೊಲಿದು ಚೌಕಟ್ಟಿಗೆ ಏರಿಸಿದ. ಸಾಹುಕಾರರು ಇಲ್ಲಿ ನೆಟ್ಟಗೆ ಕೂತರು. ಚೀಲ ಅವರ ವಿಷಯ. "ಒಂದ್ ಮಾತು ತಮ್ಮಾ. ನಿನ್ನ ಹನ್ನೊಂದನೇ ನಂಬರಿಂದು ಅಡಿಕೆ ಚೀಲ ಅಲ್ಲ, ಮೆಕ್ಕೆಜೋಳದ್ದು. ನೇಯ್ಗೆ ನೋಡಿದ್ರೆ ಗೊತ್ತಾಗ್ತತಿ." ಹುಡುಗ ಒಂದು ಕ್ಷಣ ಅನುಪಸ್ಥಿತಿಯನ್ನೆಲ್ಲ ಮರೆತು, "ಹೌದ್ರಿ, ಎ.ಪಿ.ಎಂ.ಸಿ.ಯಾಗೆ ತಂದಿದ್ದು" ಎಂದುಬಿಟ್ಟ. ಆ ಸಂಜೆ ಕಲೆಯ ಬಗ್ಗೆ ಬಂದ ಅತ್ಯಂತ ಖಚಿತವಾದ ಅಭಿಪ್ರಾಯ ಅದೇ ಎಂದು ಈಗಲೂ ನನ್ನ ಎಣಿಕೆ.

ದಾರಿ ತಪ್ಪಿದ್ದು ಡ್ಯೂಶಾಂ ಬಂದಾಗ. ದಿನಬಳಕೆಯ ವಸ್ತು ಕಲೆಯಾಗುವುದು ಹೇಗೆ ಎಂದು ವಿವರಿಸುತ್ತ ಹುಡುಗ, ಮಾರ್ಸೆಲ್ ಡ್ಯೂಶಾಂ ಎಂಬಾತ 1917ರಲ್ಲಿ ನ್ಯೂಯಾರ್ಕಿನಲ್ಲಿ ಗಂಡಸರ ಮೂತ್ರದ ಬೇಸಿನ್ನೊಂದನ್ನು ಕೊಂಡು, 'ಆರ್. ಮಟ್' ಎಂದು ಸಹಿ ಮಾಡಿ, 'ಫೌಂಟನ್' ಎಂದು ಹೆಸರಿಟ್ಟು ಪ್ರದರ್ಶನಕ್ಕೆ ಕಳಿಸಿದ್ದನ್ನು ಹೇಳಿದ. ಯಾರ ಕೃತಿಯನ್ನೂ ನಿರಾಕರಿಸುವುದಿಲ್ಲ ಎಂದು ಸಾರಿದ್ದ ಸಂಘದವರೇ ಅದನ್ನು ಪ್ರದರ್ಶನಕ್ಕೆ ಇಡಲಿಲ್ಲವಂತೆ.

ಶೋರೂಮಿನ ಅಪ್ಪ ಕೈ ಎತ್ತಿದರು. "ಯಾವ ಕಂಪನಿದು?"

ಸಭೆ ನಕ್ಕಿತು. ಅವರು ನಗಲಿಲ್ಲ. ವ್ಯಾಪಾರಸ್ಥರ ಪ್ರಶ್ನೆ. ಹುಡುಗನಿಗೆ ಉತ್ತರ ಗೊತ್ತಿತ್ತು: ಜೆ.ಎಲ್. ಮಾಟ್ ಕಂಪನಿ, ಸಹಿಯಲ್ಲಿರುವ ಮಟ್ ಬಂದದ್ದೂ ಅಲ್ಲಿಂದಲೇ.

"ಗೋಡೆಗೆ ಹಾಕಿದ್ರಾ?"

"ಇಲ್ಲ ಅಂಕಲ್, ಅಂಗಾತ ಮಲಗಿಸಿದ್ರು."

"ಮಲಗಿಸಿದ್ರೆ ನೀರು ಎಲ್ಲಿಗೆ ಹೋಗ್ತತಿ?" ಎಂದು ಅವರು ನಿಜವಾದ ಕಳಕಳಿಯಿಂದ ಕೇಳಿದರು. ಮಗಳು ಮೂಲೆಯಲ್ಲಿ ನಿಂತು ಹಣೆ ಚಚ್ಚಿಕೊಂಡಳು. ಮೂಲದ್ದು ಕಳೆದೇ ಹೋಗಿದೆ, 1964ರಲ್ಲಿ ಡ್ಯೂಶಾಂ ಒಪ್ಪಿಗೆ ಕೊಟ್ಟು ಮಾಡಿಸಿದ ನಕಲುಗಳಲ್ಲಿ ಒಂದು 1999ರ ಹರಾಜಿನಲ್ಲಿ 17 ಲಕ್ಷ ಡಾಲರಿಗೂ ಹೆಚ್ಚಿಗೆ ಹೋಯಿತು ಎಂದು ಹುಡುಗ ಹೇಳಿದಾಗ ಮಾತ್ರ ಅವರು ಸುಮ್ಮನಾದರು. ಕೆಳಗಿನ ಮಹಡಿಯ ಸ್ಟಾಕನ್ನು ಮನಸ್ಸಿನಲ್ಲೇ ಎಣಿಸುತ್ತಿದ್ದರೆಂದು ಕಾಣುತ್ತದೆ.

ಇದೇ ಸಮಯವೆಂದು ಮಗಳು ಮೈಕು ತೆಗೆದುಕೊಂಡಳು. "ಒಂದು ಖುಷಿಯ ಸುದ್ದಿ. ಚೀಟಿಯ ಮೇಲೆ ಕೆಂಪು ಚುಕ್ಕಿ ಇದ್ದರೆ ಆ ಕೃತಿ ಮಾರಾಟವಾಗಿದೆ ಅಂತ ಅರ್ಥ. ಮೊದಲ ದಿನವೇ ಮೂರು ಹೋಗಿವೆ. ಎರಡು, ಏಳು, ಮತ್ತೆ ಈ ಪ್ರದರ್ಶನದ ಮುಖ್ಯ ಕೃತಿ, ಹನ್ನೊಂದು!"

ಚಪ್ಪಾಳೆ. ಹುಡುಗನ ಬಾಯಿ ತೆರೆದೇ ಉಳಿಯಿತು. ತಾಯಿ ಸೆರಗು ಕಣ್ಣಿಗೆ ಒತ್ತಿಕೊಂಡರು. ನಾನೂ ಮಿರ್ಚಿಯ ಎಣ್ಣೆಗೈಯಲ್ಲೇ ಚಪ್ಪಾಳೆ ತಟ್ಟುತ್ತ ನನ್ನಾಕೆಯ ಕಡೆ ತಿರುಗಿದೆ. ಹಣೆ ಬೋಳಾಗಿತ್ತು.

ನಾನು 34 ವರ್ಷ ಅಂಚೆ ಇಲಾಖೆಯಲ್ಲಿ ಮುದ್ರೆ ಒತ್ತಿದವನು. ದುಂಡು ಗುರುತು ಬಿದ್ದರೆ ಸ್ಟ್ಯಾಂಪಿನ ಕತೆ ಮುಗಿಯಿತೆಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಚಪ್ಪಾಳೆ ತಟ್ಟುತ್ತಿದ್ದ ಕೈ ತಣ್ಣಗಾಯಿತು. ಗ್ಯಾಲರಿಯ ಹುಡುಗಿ, ಚುಕ್ಕಿ ಅಂಟಿಸಿದ್ದು ತನ್ನ ಸಹಾಯಕ ಎಂದುಕೊಂಡಿದ್ದಾಳೆ. ಸಹಾಯಕ, ಅವಳೇ ಅಂಟಿಸಿದ್ದು ಎಂದುಕೊಂಡಿದ್ದಾನೆ. 1,40,000 ರೂಪಾಯಿಯ ಮೆಕ್ಕೆಜೋಳದ ಚೀಲ ನಮ್ಮ ಹಾಲಿನಲ್ಲಿ, ತಿರುಪತಿ ತಿಮ್ಮಪ್ಪನ ಫೋಟೋ ಪಕ್ಕ, ನನ್ನ ಪಿಂಚಣಿಯ ಮೇಲೆ ನೇತಾಡುತ್ತಿರುವುದು ಕಣ್ಣಿಗೆ ಕಟ್ಟಿತು. ಹೇಳಿಬಿಡೋಣವೆಂದರೆ ಪಕ್ಕದಲ್ಲಿ ತಾಯಿ ಅಳುತ್ತಿದ್ದಾರೆ. ಹೇಳದಿದ್ದರೆ ನಾಳೆ ಹುಡುಗಿ ಕೊಂಡವರನ್ನು ಹುಡುಕಿಕೊಂಡು ಹೊರಡುತ್ತಾಳೆ.

ಮುಂದೆ ಸಾಹುಕಾರರ ತಕರಾರು ಶುರುವಾಗಿತ್ತು. "ಅದು ನಾನು ನೋಡಿಟ್ಟಿದ್ದು. ಯಾರು ತಗೊಂಡಿದ್ದು? ಚೀಲ ಯಾವುದು ಅಂತ ಗುರುತು ಹಿಡಿದವನು ನಾನು." ಗೆಳೆಯರು ಅವರನ್ನು ಸಮಾಧಾನ ಮಾಡಲು ಗ್ಯಾಲರಿಯ ಲೆಕ್ಕ ಬಿಡಿಸಿದರು: ಮಾರಿದ ದುಡ್ಡಿನಲ್ಲಿ ಅರ್ಧ ಕಲಾವಿದನಿಗೆ, ಅರ್ಧ ಗ್ಯಾಲರಿಗೆ, ಎಲ್ಲ ಕಡೆ ಹೆಚ್ಚುಕಮ್ಮಿ ಇದೇ ರೂಢಿ. ಸಾಹುಕಾರರು ಕುರ್ಚಿಯಿಂದ ಅರ್ಧ ಎದ್ದರು. "ನೂರಕ್ಕೆ ಐವತ್ತು! ನೂರಕ್ಕೆ ಒಂದು ಹೆಚ್ಚು ಕೇಳಿದ್ರೆ ರೈತರು ನಮ್ಮ ಅಂಗಡಿ ಮುಂದೆ ಕೂರ್ತಾರೆ. ದಲಾಲರು ಅಂತ ಬೈಸಿಕೊಳ್ಳೋದು ಮಾತ್ರ ನಾವು!"

ಈ ಗದ್ದಲದಲ್ಲಿ ನಾನು ನನ್ನಾಕೆಯ ಕಿವಿಯಲ್ಲಿ, "ನಿನ್ನ ಹಣೆ..." ಎಂದೆ. ಹನ್ನೊಂದರ ವಿಷಯ ಮೆಲ್ಲಗೆ ಬಿಡಿಸಿ ಹೇಳಿ, ಎಲ್ಲರೂ ಹೋದ ಮೇಲೆ ಏನಾದರೂ ಉಪಾಯ ಮಾಡೋಣ ಎನ್ನುವುದು ನನ್ನ ಯೋಜನೆ. ಅವಳು ಹಣೆ ಮುಟ್ಟಿಕೊಂಡಳು. "ಅಯ್ಯೋ, ನನ್ನ ಸ್ಟಿಕ್ಕರ್!" ಎಂದು ಎದ್ದವಳೇ ಎರಡು ಸಾಲು ಕುರ್ಚಿ, ನಾಲ್ಕು ಗಡ್ಡ ದಾಟಿ, ಬರಿಗಾಲಲ್ಲಿ ಸೀದಾ ಗೋಡೆಗೆ ನಡೆದಳು. ಚೀಟಿಯಿಂದ ಚುಕ್ಕಿ ಕಿತ್ತಳು. ಹಣೆಗೆ ಇಟ್ಟು ಹೆಬ್ಬೆರಳಿನಿಂದ ಒತ್ತಿದಳು. ಎದುರಿಗೆ ಗಾಜಿನ ಕಟ್ಟು ಹಾಕಿದ ಹನ್ನೆರಡನೇ ನಂಬರಿತ್ತು; ಅದರಲ್ಲಿ ಬೊಟ್ಟು ನೆಟ್ಟಗಿದೆಯೇ ಎಂದು ನೋಡಿಕೊಂಡಳು.

ಗ್ಯಾಲರಿ ನಿಶ್ಶಬ್ದವಾಯಿತು. ಹಿಂದಿನ ಗಡ್ಡದವನೊಬ್ಬ ಇದು ಪರ್ಫಾರ್ಮೆನ್ಸ್ ಎಂದು ಫೋನು ತೆಗೆದು ವಿಡಿಯೋ ಹಿಡಿದ.

ಮೊದಲು ಎಚ್ಚೆತ್ತವರು ಸಾಹುಕಾರರು. "ಅಮ್ಮಾ, ಬಿಟ್ಟುಕೊಟ್ರಾ? ಬಿಟ್ಟುಕೊಟ್ರೆ ನನಗೇ ಅದು" ಎಂದು ಕೈ ಎತ್ತಿದರು, ಥೇಟು ಮಂಡಿಯ ಹರಾಜಿನಲ್ಲಿ ಎತ್ತಿದಂತೆ. ಗ್ಯಾಲರಿಯ ಹುಡುಗಿ ಓಡಿ ಬಂದು ತನ್ನ ಡಬ್ಬಿಯಿಂದ ಅಸಲಿ ಕೆಂಪು ಚುಕ್ಕಿ ತೆಗೆದು ಅದೇ ಜಾಗಕ್ಕೆ ಅಂಟಿಸಿದಳು. ಎರಡನ್ನೂ ನಾನು ಹತ್ತಿರದಿಂದ ನೋಡಿದ್ದೇನೆ. ನನ್ನಾಕೆಯದು ಸ್ವಲ್ಪ ದೊಡ್ಡದು, ಬಣ್ಣವೂ ಗಟ್ಟಿ.

ಅಂದಿನಿಂದ ಊರಲ್ಲಿ ನಾವು ಕಲಾಪೋಷಕರು. ಹುಡುಗನ ತಾಯಿ ಒಂದು ಡಬ್ಬಿ ಹೋಳಿಗೆ ತಂದುಕೊಟ್ಟು, "ನೀವು ಮೊದಲು ಹಿಡಿದಿದ್ದಕ್ಕೇ ಅವರು ಹಟಕ್ಕೆ ಬಿದ್ದಿದ್ದು ಅಕ್ಕಾರೆ" ಎಂದು ಕೈ ಹಿಡಿದುಕೊಂಡರು. ನಿಜ ಹೇಳಲು ನನ್ನಾಕೆ ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ನಾನು ಹೋಳಿಗೆ ಹೊಗಳಿದೆ. ಸಾಹುಕಾರರಂತೂ ಚಿತ್ರ ಮನೆಗೆ ತಂದ ದಿನವೇ ಫೋನು ಮಾಡಿ, ತಲೆ ಯಾವುದು ಬುಡ ಯಾವುದು ಎಂದು ನನ್ನನ್ನು ಕೇಳಿದರು. 1961ರಲ್ಲಿ ನ್ಯೂಯಾರ್ಕಿನ ದೊಡ್ಡ ಮ್ಯೂಸಿಯಮ್ಮಿನಲ್ಲೇ ಮಾತೀಸನ ದೋಣಿಯ ಚಿತ್ರ 47 ದಿನ ತಲೆಕೆಳಗಾಗಿ ನೇತಾಡಿತ್ತಂತೆ, ಹುಡುಗನೇ ಹೇಳಿದ್ದ. ಆ ಧೈರ್ಯದ ಮೇಲೆ, "ಚೀಲದ ಬಾಯಿ ಮೇಲಕ್ಕೆ ಬರಲಿ, ಇಲ್ಲಾಂದ್ರೆ ಕಾಳು ಚೆಲ್ಲತ್ತೆ" ಎಂದೆ. ಅವರು ಗಂಭೀರವಾಗಿ ಒಪ್ಪಿದರು.

ಆಯುಧಪೂಜೆಗೆ ಮಂಡಿಗೆ ಕರೆದಿದ್ದರು, ಹೋಗಿದ್ದೆವು. ಚಿತ್ರ ಮನೆಯಿಂದ ಮಂಡಿಯ ಗದ್ದುಗೆಯ ಹಿಂದಕ್ಕೆ ಬಂದಿತ್ತು, ಬಾಯಿ ಮೇಲಾಗಿ. ತೂಕದ ಯಂತ್ರ, ಲಾರಿ, ಗಲ್ಲಾಪೆಟ್ಟಿಗೆ, ಲೆಕ್ಕದ ಪುಸ್ತಕ, ಕಂಪ್ಯೂಟರು, ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ಹನ್ನೊಂದನೇ ನಂಬರಿಗೂ ಬಿಟ್ಟಿರಲಿಲ್ಲ: ತಾಯಿಯ ಸೊಟ್ಟ ಹೊಲಿಗೆಯ ಮೇಲೆ ನಟ್ಟನಡುವೆ ಹಸಿ ಕುಂಕುಮದ ಒಂದು ಬೊಟ್ಟು, ಅದರಿಂದ ಒಂದು ಗೆರೆ ಸಣ್ಣಗೆ ಕೆಳಗೆ ಇಳಿದಿತ್ತು. ಕಲಾವಿದ ಹುಡುಗ ಮಂಡಕ್ಕಿ ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತ ನಿಂತಿದ್ದ.

ನಾನು ಏನೂ ಅನ್ನಲಿಲ್ಲ, ಸುಮ್ಮನೆ ನನ್ನಾಕೆಯ ಕಡೆ ನೋಡಿದೆ. ಅವಳ ಕೈ ತಟ್ಟನೆ ಹಣೆಗೆ ಹೋಯಿತು.

"ನಂದು ಇಲ್ಲೇ ಐತ್ರಿ" ಎಂದಳು.