ದೊಡ್ಡತ್ತೆಯ ಒದ್ದೆ ಸೀರೆ

ಮೊನ್ನೆ ಮಟಮಟ ಮಧ್ಯಾಹ್ನ ಸಿಗ್ನಲ್‌ನಲ್ಲಿ ನಮ್ಮ ಪದ್ಮಿನಿ ಕಾರು ನಿಂತುಬಿಟ್ಟಿತು. ಬಾನೆಟ್ ಎತ್ತಿ ಅರ್ಧ ನಿಮಿಷ ಆಗಿಲ್ಲ, ಸ್ಕೂಟರಿನವರೊಬ್ಬರು ಹೆಲ್ಮೆಟ್ಟೂ ತೆಗೆಯದೆ "ಪಾಯಿಂಟ್ ಹೋಗಿರುತ್ತೆ ಸಾರ್" ಅಂದು ಹೊರಟೇ ಹೋದರು.

ಮಗು ಅತ್ತರೆ ದೃಷ್ಟಿ, ಹಳೇ ಫಿಯೆಟ್ ನಿಂತರೆ ಪಾಯಿಂಟ್. (1974ರಲ್ಲೇ ಪದ್ಮಿನಿ ಅಂತ ನಾಮಕರಣ ಆದರೂ ನಮ್ಮನೇಲಿ ಅದು ಫಿಯೆಟ್ಟೇ.) ಪಾಯಿಂಟ್ ಅಂದರೆ ಡಿಸ್ಟ್ರಿಬ್ಯೂಟರ್ ಒಳಗೆ ಕೂತು ಇಂಜಿನ್ನಿಗೆ ಕಿಡಿ ಕೊಡಿಸೋ ಪುಟ್ಟ ಸ್ವಿಚ್ಚು. ಎಷ್ಟೋ ಸಲ ಅದೇ ಇರುತ್ತೆ, ಇಲ್ಲ ಅನ್ನಲ್ಲ. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಎಮರಿ ಪೇಪರಲ್ಲಿ ಉಜ್ಜಿ, ವಿಸಿಟಿಂಗ್ ಕಾರ್ಡ್ ತೂರಿಸಿ ಗ್ಯಾಪ್ ನೋಡಿದರೆ ಗಾಡಿ ಹೊರಡುತ್ತೆ. ಆದರೆ ಉರಿಬಿಸಿಲಲ್ಲಿ ತೆವಳಿಕೊಂಡು ಬಂದು ನಿಂತ ಗಾಡಿಗೆ ಬೇಕಾದದ್ದು ಒದ್ದೆ ಬಟ್ಟೆ. ಇದನ್ನು ನಾನು ಕಲಿತದ್ದು ದೊಡ್ಡತ್ತೆಯ ಸೀರೆಯಿಂದ.

ನಾನಾಗ ಆರನೇ ಕ್ಲಾಸು. ಧರ್ಮಸ್ಥಳದಿಂದ ವಾಪಸ್ ಬರುತ್ತಿದ್ದೆವು. 1089 ಸಿಸಿ ಇಂಜಿನ್, ಆರು ಜನ, ಏಪ್ರಿಲ್ ಬಿಸಿಲು. ಗೇರು ಸ್ಟೇರಿಂಗ್ ಪಕ್ಕದಲ್ಲಿರೋದರಿಂದ ಮುಂದೇ ಮೂವರು. ಚಾರ್ಮಾಡಿ ಘಾಟಿ ಹತ್ತುವಾಗ ಇಂಜಿನ್ ಎರಡು ಸಲ ಬಿಕ್ಕಿ ನಿಂತಿತು. ಪೆಟ್ರೋಲ್ ಪಂಪು ಇಂಜಿನ್ನಿಗೇ ಅಂಟಿಕೊಂಡಿರುತ್ತೆ, ಅದು ಕಾದರೆ ಒಳಗಿನ ಪೆಟ್ರೋಲ್ ಆವಿಯಾಗಿ ಪಂಪು ಸುಮ್ನೆ ಬಡ್ಕೊಳ್ಳುತ್ತೆ. ಅಪ್ಪನಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಮೊದಲು ಪಾಯಿಂಟ್ ಉಜ್ಜಿದರು!

ಆಮೇಲೆ ಒದ್ದೆ ಬಟ್ಟೆ ಕೇಳಿದರು. ಕುಡಿಯೋ ನೀರು ಉಜಿರೆ ದಾಟುವಷ್ಟರಲ್ಲೇ ಖಾಲಿ. ಇಡೀ ಕಾರಿನಲ್ಲಿ ಒದ್ದೆಯಾಗಿದ್ದದ್ದು ಒಂದೇ, ದೊಡ್ಡತ್ತೆ ಬೆಳಿಗ್ಗೆ ನೇತ್ರಾವತಿಯಲ್ಲಿ ಉಟ್ಟು ಮುಳುಗಿ, ಹಿಂಡಿ, ಪ್ಲಾಸ್ಟಿಕ್ ಚೀಲಕ್ಕೆ ತುರುಕಿದ್ದ ಹಸಿರು ಸೀರೆ.

"ನಿನ್ನ ಇಂಜಿನ್ನಿಗೆ ಉಡಿಸೋಕೆ ನನ್ನ ಸೀರೆಯೇ ಬೇಕೇನೋ?"

"ಪೂರ್ತಿ ಬೇಡ ಅಕ್ಕಾ, ಸೆರಗು ಸಾಕು."

ಚೌಕಾಸಿ ಅರ್ಧ ಗಂಟೆ ನಡೆಯಿತು. ಆ ಅರ್ಧ ಗಂಟೆಯಲ್ಲಿ ಪಂಪು ತಾನೇ ತಣ್ಣಗಾಗಿರಬೇಕು ಅಂತ ಈಗ ಅನ್ನಿಸುತ್ತೆ, ಆದರೆ ದೊಡ್ಡತ್ತೆಯ ಮುಂದೆ ಹೇಳುವ ಧೈರ್ಯ ಯಾರಿಗಿತ್ತು? ಕೊನೆಗೆ ಅಪ್ಪ ಸೆರಗಿನ ತುದಿ ಪಂಪಿಗೆ ಸುತ್ತಿದರು, ಉಳಿದ ಸೀರೆ ನೆಲಕ್ಕೆ ತಾಗದ ಹಾಗೆ ನಾನೂ ತಂಗಿಯೂ ಎತ್ತಿ ಹಿಡಿದು ನಿಂತೆವು, ಘಾಟಿ ಇಳಿಯುವ ಬಸ್ಸಿನವರೆಲ್ಲ ಕಿಟಕಿಯಿಂದ ತಲೆ ಹಾಕಿ ನೋಡಿದ್ದೇ ನೋಡಿದ್ದು. ಗಾಡಿ ಹೊರಟಿತು. ಕೊಟ್ಟಿಗೆಹಾರದಲ್ಲಿ ನೀರುದೋಸೆ ಬರುವವರೆಗೂ ದೊಡ್ಡತ್ತೆ ತುಟಿ ಬಿಚ್ಚಲಿಲ್ಲ. ಆಮೇಲೆ ಇಪ್ಪತ್ತು ವರ್ಷ ಮುಚ್ಚಲೂ ಇಲ್ಲ, ಯಾರ ಮದುವೆ ಮನೆಯಾದರೂ ಸರಿ, ಆ ಗ್ರೀಸ್ ಕಲೆಯ ವಿಷಯ ಬಂದೇ ಬರುತ್ತಿತ್ತು.

ಹಾಂ, ಮೊನ್ನೆಯ ಸಿಗ್ನಲ್. ಸ್ಕೂಟರಿನವರ ಹಿಂದೆ ಇನ್ನೂ ನಾಲ್ವರು ಬಂದರು. ಇಬ್ಬರು ಪಾಯಿಂಟ್ ಅಂದರು, ಒಬ್ಬರು "ಮಾರ್ಬಿಡಿ ಸಾರ್" ಅಂದರು, ಇನ್ನೊಬ್ಬ ಕಾರಿಗೆ ಒರಗಿ ಸೆಲ್ಫಿ ತೆಗೆದುಕೊಂಡ. ಪಕ್ಕಕ್ಕೆ ತಳ್ಳೋಕೆ ಒಂದು ಕೈ ಹಾಕಿದವರಿಲ್ಲ. ಇಂಥವರಿಗೆ ಸಲಹೆಗೆ ಇಷ್ಟು ಅಂತ ದುಡ್ಡು ಹಿಡೀಬೇಕು.

ಬಾಟಲಿಯಲ್ಲಿ ನೀರಿತ್ತು, ಬಟ್ಟೆ ಇರಲಿಲ್ಲ. ಹೆಂಡತಿಯ ಕಡೆ ನೋಡಿದೆ. ಅವಳು ದುಪಟ್ಟಾ ಗಟ್ಟಿಯಾಗಿ ಹಿಡಿದುಕೊಂಡು, "ಯಾವುದಕ್ಕೂ ಮೊದಲು ಆ ಪಾಯಿಂಟ್ ನೋಡಿಬಿಡಿ" ಅಂದಳು.